ಎರಡು ಮನೆಯವರು ಹೋಟೆಲಿನಲ್ಲಿ ಉಂಡ ಮಳೆಗಾಲ

ಕಳೆದ ವಾರ ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳಲೆಂದು ಮಂಗಳೂರಿಗೆ ಹೋಗಿದ್ದೆ. ಬಿಜೈಯಲ್ಲಿ ಬಸ್ಸಿಳಿದು ರಸ್ತೆ ದಾಟುವಾಗ ಎಲ್ಲಿಂದಲೋ ಗೋಳಿಬಜೆ ಕರಿಯುವ ವಾಸನೆ ಬಂತು. ಕಾದ ತೆಂಗಿನೆಣ್ಣೆ, ಹುಳಿ ಬಂದ ಮೈದಾಹಿಟ್ಟು, ಅದರ ಜೊತೆಗೆ ಒಣಗದ ಕೊಡೆಗಳ ಮುಗ್ಗಲು. ಗೋಳಿಬಜೆಯ ಮೇಲೆ ನನಗೆ ಅಂಥ ಪ್ರೀತಿಯೇನೂ ಇಲ್ಲ. ನಮ್ಮ ಹಾಸನದ ಕಡೆ ಬಜ್ಜಿ ಎಂದರೆ ಒಳಗೆ ಮೆಣಸಿನಕಾಯಿಯೋ ಆಲೂಗಡ್ಡೆಯೋ ಏನಾದರೊಂದು ಇರಬೇಕು. ಒಳಗೆ ಏನೂ ಇಲ್ಲದ ಬಜ್ಜಿಗೆ ಈ ಊರಿನವರು ಕೊಡುವ ಮರ್ಯಾದೆ ನನಗೆ ಇಂದಿಗೂ ಅರ್ಥವಾಗಿಲ್ಲ. ಆದರೂ ಕಾಲು ನಿಂತಿತು. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದಲ್ಲಿ ನನ್ನ ಸಂಧಾನದ ಕೆಲಸ ಶುರುವಾದದ್ದು ಇದೇ ವಾಸನೆಯಲ್ಲಿ.

ಸಂಧಾನ ಎಂದರೆ ದೊಡ್ಡ ಮಾತಾಯಿತು. ನಾನು ಮಾಡಿದ್ದು ಊಟ.

ಆಗ ನಾನು ಹಾಸನದ ಒಂದು ವಿಮಾ ಕಚೇರಿಯಲ್ಲಿ ಮೇಲ್ವಿಚಾರಕಿ. ನನ್ನ ಕೈಕೆಳಗೆ ಇಬ್ಬರು ಮಂಗಳೂರಿನವರಿದ್ದರು, ಸುಕೇಶ ಮತ್ತು ಲವೀನಾ. ಸುಕೇಶನ ಮನೆ ವಾಮಂಜೂರಿನಲ್ಲಿ, ಮನೆಮಾತು ತುಳು. ಲವೀನಾಳ ಮನೆ ಕುಲಶೇಖರದಲ್ಲಿ, ಕೊಂಕಣಿ ಮಾತಾಡುವ ಕ್ರೈಸ್ತ ಕುಟುಂಬ. ಎರಡೂ ಒಂದೇ ರಸ್ತೆಯ ಊರುಗಳು, ಬಸ್ಸಿನಲ್ಲಿ ಕೂತರೆ ಒಂದು ತೂಕಡಿಕೆಯಷ್ಟು ದೂರವಿಲ್ಲ. ಆದರೆ ಇಬ್ಬರೂ ಒಬ್ಬರನ್ನೊಬ್ಬರು ಕಂಡದ್ದು ಹಾಸನದಲ್ಲಿ, ನನ್ನ ಮೇಜಿನ ಮುಂದೆ. ಕಂಡ ಮೇಲೆ ಆಗುವುದು ಆಯಿತು. ಎರಡೂ ಮನೆಯವರು ಕೂಡದು ಎಂದರು.

ಲವೀನಾಳ ಮನೆಯಲ್ಲಿದ್ದದ್ದು ತಾಯಿ ಐರಿನ್ ಬಾಯಿ ಒಬ್ಬರೇ. ಕುವೈತಿನಲ್ಲಿ ಬಹಳ ಕಾಲ ನರ್ಸ್ ಆಗಿದ್ದು ಊರಿಗೆ ಮರಳಿದವರು. ಗಂಡ ತೀರಿಕೊಂಡಿದ್ದರು, ಮಗ ಈಗ ಕುವೈತಿನಲ್ಲಿದ್ದ. ಸುಕೇಶನ ತಂದೆ ಮಸ್ಕತ್‌ನಲ್ಲಿದ್ದರು, ತಾಯಿ ಕುಸುಮಕ್ಕ ವಾಮಂಜೂರಿನಲ್ಲಿ. ಆದರೆ ಅವರ ಮನೆಯಲ್ಲಿ ಕೊನೆಯ ಮಾತು ಇವರಿಬ್ಬರದ್ದೂ ಅಲ್ಲ, ಸೋದರಮಾವ ಸಂಜೀವಣ್ಣನದ್ದು. ಅಪ್ಪ ಜೀವಂತವಾಗಿರುವಾಗ ಮಾವನನ್ನು ಏಕೆ ಕೇಳಬೇಕು ಎಂದು ನಾನು ಸುಕೇಶನನ್ನು ಕೇಳಿದೆ. ಅವನು, ಸೂರ್ಯ ಏಕೆ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ಯಾರೋ ಕೇಳಿದ ಹಾಗೆ ನನ್ನ ಮುಖ ನೋಡಿದ.

‘ನಮ್ಮಲ್ಲಿ ಹಾಗೆ ಮೇಡಂ’ ಎಂದ.

ಲವೀನಾ ಗಟ್ಟಿ ಹುಡುಗಿ. ‘ನಾನು ಓಡಿಹೋಗುವುದಿಲ್ಲ ಮೇಡಂ. ಮಮ್ಮಿ ಒಬ್ಬರೇ ಇರುವುದು. ಅವರು ಹೂಂ ಅಂದ್ರೆ ಮದುವೆ, ಇಲ್ಲಾಂದ್ರೆ ಇಲ್ಲ’ ಎಂದು ನನಗೆ ಮೊದಲೇ ಹೇಳಿದ್ದಳು. ಹೇಳುವಾಗ ಧ್ವನಿ ನಡುಗಲಿಲ್ಲ, ಆದರೆ ಕೈಯಲ್ಲಿದ್ದ ಸ್ಟೇಪ್ಲರನ್ನು ಖಾಲಿ ಹಾಳೆಯ ಮೇಲೆ ಒತ್ತುತ್ತಲೇ ಇದ್ದಳು. ಇನ್ನೊಂದು ಸಂಬಂಧವೂ ಬಂದಿತ್ತು. ಹುಡುಗ ದುಬೈಯಲ್ಲಿದ್ದ, ಅಕ್ಟೋಬರಿನಲ್ಲಿ ರಜೆಯ ಮೇಲೆ ಬರುವವನಿದ್ದ. ಸೆಪ್ಟೆಂಬರಿನಲ್ಲಿ ಚರ್ಚಿನ ತೆನೆ ಹಬ್ಬ ಮುಗಿದ ಮೇಲೆ ಉತ್ತರ ಹೇಳುತ್ತೇನೆಂದು ಐರಿನ್ ಬಾಯಿ ಆ ಕಡೆಯವರಿಗೆ ಮಾತು ಕೊಟ್ಟುಬಿಟ್ಟಿದ್ದರು. ಹಾಗಾಗಿ ಈ ಇಬ್ಬರಿಗೆ ಸಿಕ್ಕಿದ್ದು ಒಂದು ಮಳೆಗಾಲ.

ಎರಡೂ ಮನೆಯವರು ಕೂತು ಮಾತಾಡಲಿ ಎಂದು ನಾನು ಸುಲಭವಾಗಿ ಹೇಳಿಬಿಟ್ಟೆ. ಎಲ್ಲಿ ಕೂರುವುದು? ಹೆಣ್ಣಿನ ಮನೆಗೆ ಹೋಗಿ ಒಂದು ಲೋಟ ನೀರು ಕುಡಿದರೂ ಒಪ್ಪಿಕೊಂಡ ಹಾಗೆ, ತಾನು ಹೋಗುವುದಿಲ್ಲ ಎಂದರು ಸಂಜೀವಣ್ಣ. ಕರೆಯದೆ ಅವರ ಮನೆಯ ಮೆಟ್ಟಿಲು ತಾನು ಹತ್ತುವುದಿಲ್ಲ ಎಂದರು ಐರಿನ್ ಬಾಯಿ. ಉಳಿದದ್ದು ಹೋಟೆಲು. ಅದಕ್ಕೂ ಕರಾರುಗಳು. ಒಂದು ಸಲ ಇವರು ಹೋಟೆಲು ಆರಿಸುವುದು, ಇನ್ನೊಂದು ಸಲ ಅವರು. ಯಾರಿಗೆ ಬೇಕಾದ್ದನ್ನು ಅವರೇ ತರಿಸಿಕೊಳ್ಳುವುದು. ನಡುವೆ ಮೂರನೆಯವರೊಬ್ಬರು ಇರಬೇಕು, ಅವರು ಎರಡೂ ಜಾತಿಯವರಲ್ಲದೆ ಎರಡೂ ಭಾಷೆಯವರಲ್ಲದೆ ಇರಬೇಕು. ಹುಡುಕಿದರೆ ಸಿಗುವ ಸರಕೇ ಇದು? ಎದುರಿಗೆ ನಾನಿದ್ದೆ. ಮದುವೆಯಾಗದ ಹೆಂಗಸು, ಶನಿವಾರ ಭಾನುವಾರ ಮಾಡಲು ಬೇರೆ ಕೆಲಸವಿಲ್ಲ, ತಿನ್ನುವುದರಲ್ಲಿ ಆಸಕ್ತಿ ಉಂಟೆಂದು ಇಡೀ ಕಚೇರಿಗೆ ಗೊತ್ತು. ಹೀಗೆ ಜೂನಿನಿಂದ ಶಿರಾಡಿ ಘಾಟಿ ಇಳಿಯುವುದು ನನ್ನ ಪಾಲಿಗೆ ಬಂತು. ಬಿಜೈಯ ಒಂದು ಲಾಡ್ಜಿನಲ್ಲಿ ಶನಿವಾರ ಉಳಿಯುವುದು, ಭಾನುವಾರ ಹಾಸನದ ಬಸ್ಸು ಹತ್ತುವುದು.

ಮೊದಲನೆಯ ಸಲ ಯಾರಿಗೂ ತಕರಾರು ಬರದಿರಲಿ ಎಂದು ಬಿಜೈಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸೇರಿದೆವು. ಹೊರಗೆ ಮಳೆ ಎಂದರೆ ಮಳೆ. ಎದುರು ಅಂಗಡಿಯ ಬೋರ್ಡು ಕಾಣುತ್ತಿರಲಿಲ್ಲ. ಸಂಜೀವಣ್ಣ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಬಂದರು. ವಾಮಂಜೂರಿನಲ್ಲಿ ಹಾರ್ಡ್‌ವೇರ್ ಅಂಗಡಿ, ಮನೆಯ ಹಿಂದೆ ಇನ್ನೂ ಮಾರದೆ ಉಳಿಸಿಕೊಂಡ ಒಂದು ತುಂಡು ಗದ್ದೆ. ಎತ್ತರದ ಆಳು, ಮಾತು ಕಡಿಮೆ. ಐರಿನ್ ಬಾಯಿ ಗಿಡ್ಡ, ತೆಳ್ಳಗಿನ ಹೆಂಗಸು. ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ಕಣ್ಣು ಕಿರಿದು ಮಾಡಿ ಮನುಷ್ಯರನ್ನು ನೋಡುತ್ತಿದ್ದರು. ಹುಡುಗ ಹುಡುಗಿ ಗೋಡೆಯ ಕಡೆ ಎದುರುಬದುರು, ನಾನು ಮೇಜಿನ ತುದಿಯಲ್ಲಿ.

‘ನಮ್ಮಲ್ಲಿ ದೈವದ ಕೆಲಸ ಉಂಟು ಮೇಡಂ’ ಎಂದು ಸಂಜೀವಣ್ಣ ನನಗೆ ಹೇಳಿದರು. ‘ವರ್ಷಕ್ಕೊಮ್ಮೆ ಕೋಲ. ನನ್ನ ನಂತರ ಅದಕ್ಕೆ ನಿಲ್ಲಬೇಕಾದವ ಇವನೇ. ಇವ ನಾಳೆ ಇಗರ್ಜಿಗೆ ಸೇರಿದ್ರೆ ದೈವದ ಮುಂದೆ ನಿಲ್ಲುವುದು ಯಾರು ಅಂತ ಅವರ ಹತ್ರ ಕೇಳಿ.’

ಅವರು ಕೂತದ್ದು ಐರಿನ್ ಬಾಯಿಯ ಎದುರಿಗೇ. ‘ನನಗೆ ಕಿವಿ ಕೇಳ್ತದೆ ಅಂತ ಹೇಳಿ’ ಎಂದರು ಐರಿನ್ ಬಾಯಿ, ಅವರೂ ನನಗೇ. ‘ಅವ ಎಲ್ಲಿಗೂ ಸೇರುವುದು ಬೇಡ. ನನ್ನ ಮಗಳ ಹೆಸರು ಬದಲು ಮಾಡ್ತಾರಾ ಅಂತ ಕೇಳಿ. ಭಾನುವಾರ ಇಗರ್ಜಿಯ ಪೂಜೆಗೆ ಕಳಿಸ್ತಾರಾ ಅಂತ ಕೇಳಿ.’

ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುವ ಕೆಲಸ ಅದು. ಐರಿನ್ ಬಾಯಿಗೆ ತುಳು ನೀರಿನ ಹಾಗೆ ಬರುತ್ತದೆ, ಸಂಜೀವಣ್ಣನಿಗೆ ಅಂಗಡಿ ವ್ಯಾಪಾರದ ಮಟ್ಟಿಗೆ ಕೊಂಕಣಿಯೂ ಬರುತ್ತದೆ. ಆದರೂ ಇಬ್ಬರೂ ಕನ್ನಡ ಬಿಡಲಿಲ್ಲ. ತುಳು ಆಡಿದರೆ ಸಲಿಗೆಯಾಗುತ್ತದೆ ಎಂದು ಸುಕೇಶ ಆಮೇಲೆ ನನಗೆ ವಿವರಿಸಿದ. ಕನ್ನಡ ಎಂದರೆ ತಾಲೂಕು ಆಫೀಸಿನಲ್ಲಿ ಕೂತ ಹಾಗೆ, ಯಾರಿಗೂ ಯಾರೂ ಆಗಬೇಕಾಗಿಲ್ಲ. ಆ ದಿನ ಏನೂ ತೀರ್ಮಾನವಾಗಲಿಲ್ಲ. ಮಾತಿನ ಬದಲು ಇಬ್ಬರೂ ಗೋಳಿಬಜೆ ತಟ್ಟೆಯನ್ನು ನನ್ನ ಕಡೆಗೆ ತಳ್ಳುತ್ತಿದ್ದರು. ನಾನು ಎರಡೂ ಪಕ್ಷದ್ದನ್ನು ತಿಂದೆ.

ಎರಡನೆಯ ಸಲ ಹೋಟೆಲು ಐರಿನ್ ಬಾಯಿಯ ಆಯ್ಕೆ. ಮೀನುದೋಣಿಗಳು ನಿಲ್ಲುವ ದಕ್ಕೆಯ ಹತ್ತಿರ, ಮೀನಿನ ಬುಟ್ಟಿಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕಾದ ಒಂದು ಸಣ್ಣ ಮೀನೂಟದ ಹೋಟೆಲು. ಬೆಂಚು ಅಲ್ಲಾಡುತ್ತಿತ್ತು, ಸಾರು ಮಾತ್ರ ದೊಡ್ಡ ಹೋಟೆಲಿನವರು ನಾಚಬೇಕು. ಕುಚ್ಚಲಕ್ಕಿ ಅನ್ನ ನನಗೆ ಆಗುವುದಿಲ್ಲ, ಒಂದೊಂದು ಅಗುಳೂ ಗಂಟಲಿನಲ್ಲಿ ತನ್ನ ಇರವನ್ನು ತಿಳಿಸಿಯೇ ಇಳಿಯುತ್ತದೆ. ಆದರೆ ಬಂಗುಡೆ ಮೀನಿನ ಆ ಹುಳಿಖಾರದ ಪುಳಿಮುಂಚಿ ಹಾಕಿಕೊಂಡಾಗ ಅದೂ ಇಳಿಯಿತು. ಸಂಜೀವಣ್ಣ ಅನ್ನಕ್ಕೆ ತಿಳಿಸಾರು ಹಾಕಿಸಿಕೊಂಡು ಉಂಡರು, ಮೀನಿನ ಕಡೆ ಕಣ್ಣೂ ಹಾಯಿಸಲಿಲ್ಲ. ಐರಿನ್ ಬಾಯಿಯ ಮುಖ ಕೆಂಪಾಯಿತು. ತಾನು ಆರಿಸಿದ ಹೋಟೆಲಿಗೆ ಬಂದು ಬೇಕೆಂದೇ ಮೀನು ಬಿಟ್ಟದ್ದೆಂದು ಅವರು ತಿಳಿದರು.

‘ಇವತ್ತು ಶನಿವಾರ ಅಲ್ವಾ’ ಎಂದರು ಸಂಜೀವಣ್ಣ, ಅನ್ನದಿಂದ ಕಣ್ಣೆತ್ತದೆ. ‘ಶನಿವಾರ ನಾನು ಮೀನು ಮುಟ್ಟುವುದಿಲ್ಲ ಅಂತ ಅವರಿಗೆ ಹೇಳಿ.’

ಐರಿನ್ ಬಾಯಿ ನನ್ನನ್ನು ನೋಡಿದರು. ಇದನ್ನೂ ನಾನೇ ಮೊದಲು ಕೇಳಿಟ್ಟುಕೊಳ್ಳಬೇಕಿತ್ತಂತೆ. ಅಲ್ಲಿಂದ ಮುಂದೆ ಭಾನುವಾರವೇ ಎಂದು ಗೊತ್ತಾಯಿತು. ಬೆಳಗಿನ ಪೂಜೆ ಮುಗಿಸಿ ಐರಿನ್ ಬಾಯಿ ಬರುವುದು, ಅಂಗಡಿಗೆ ರಜೆ ಮಾಡಿ ಸಂಜೀವಣ್ಣ ಬರುವುದು.

ಮೂರನೆಯ ಸಲ, ಒಂದು ಭಾನುವಾರ, ಸಂಜೀವಣ್ಣ ತಮ್ಮ ಸರದಿಯಲ್ಲಿ ಒಂದು ಹವಾನಿಯಂತ್ರಿತ ಮೀನಿನ ಹೋಟೆಲಿಗೆ ಕರೆದರು. ಶನಿವಾರ ಬಿಟ್ಟದ್ದನ್ನು ಸರಿಮಾಡುವ ಉದ್ದೇಶ ಇದ್ದಿರಬೇಕು. ಜುಲೈ ತಿಂಗಳು, ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಕಾಲ. ಇಬ್ಬರೂ ಅಂಜಲ್ ಮೀನಿನ ತವಾ ಫ್ರೈ ತರಿಸಿದರು, ಬೇರೆಬೇರೆಯಾಗಿಯೇ. ತಟ್ಟೆ ಬಂತು. ಇಬ್ಬರೂ ಒಂದು ತುತ್ತು ಬಾಯಿಗಿಟ್ಟರು. ಇಬ್ಬರೂ ಒಟ್ಟಿಗೇ ನಿಲ್ಲಿಸಿದರು. ನನಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ, ಮಸಾಲೆ ಚೆನ್ನಾಗಿತ್ತು, ನಾನು ಅರ್ಧ ಮುಗಿಸಿದ್ದೆ.

ಐರಿನ್ ಬಾಯಿ ಮೊದಲ ಬಾರಿಗೆ ನೇರವಾಗಿ ಅವರ ಮುಖ ನೋಡಿ ತುಳುವಿನಲ್ಲಿ ಏನೋ ಕೇಳಿದರು. ಸಂಜೀವಣ್ಣ ತುಳುವಿನಲ್ಲಿ ಉತ್ತರಿಸಿದರು. ಇಬ್ಬರೂ ತಟ್ಟೆ ಹಿಡಿದುಕೊಂಡು ಎದ್ದು ಕೌಂಟರಿಗೆ ಹೋದರು. ಅಲ್ಲಿ ಒಬ್ಬರಾದ ಮೇಲೆ ಒಬ್ಬರು, ಕೆಲವೊಮ್ಮೆ ಇಬ್ಬರೂ ಒಟ್ಟಿಗೆ, ಕ್ಯಾಷಿಯರನಿಗೆ ತುಳುವಿನಲ್ಲಿ ಮಂಗಳಾರತಿ ಮಾಡಿದರು. ಎಷ್ಟು ಹಳೆಯ ಐಸಿನ ಮೀನು, ಯಾವ ಊರಿಂದ ಬಂದದ್ದು, ಇದನ್ನು ಯಾವ ಧೈರ್ಯದ ಮೇಲೆ ಕುಡ್ಲದವರ, ಎಂದರೆ ಮಂಗಳೂರಿನವರ, ಮುಂದೆ ಇಟ್ಟದ್ದು ಎಂಬ ಪ್ರಶ್ನೆಗಳಂತೆ, ಸುಕೇಶ ನನ್ನ ಕಿವಿಯಲ್ಲಿ ಹೇಳುತ್ತಿದ್ದ. ಮರಳಿ ಬಂದು ಕೂತಾಗ ಇಬ್ಬರ ಮುಖದಲ್ಲೂ ಗೆದ್ದ ಕಳೆ.

‘ನೀವು ಎಂತ ಮೇಡಂ, ತಿಂದೇ ಬಿಟ್ರಲ್ಲ’ ಎಂದರು ಐರಿನ್ ಬಾಯಿ.

‘ಘಟ್ಟದ ಮೇಲಿನವರಿಗೆ ಗೊತ್ತಾಗುವುದಿಲ್ಲ, ಬಿಡಿ’ ಎಂದರು ಸಂಜೀವಣ್ಣ. ಅವರಿಬ್ಬರೂ ಒಪ್ಪಿದ ಮೊದಲ ವಿಷಯ ನನ್ನ ದಡ್ಡತನ. ನನಗೆ ಕೋಪ ಬಂದದ್ದು ನಿಜ, ಆದರೆ ಲವೀನಾ ಮೇಜಿನ ಕೆಳಗೆ ನನ್ನ ಕೈ ಹಿಡಿದು ಹಿಸುಕಿದಳು. ಉಳಿದರ್ಧವನ್ನೂ ಮುಗಿಸಿದೆ.

ಆಮೇಲೆ ಆಟಿ ಬಂತು. ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಮಳೆಯ ತಿಂಗಳು, ತುಳುವರು ಅದರಲ್ಲಿ ಶುಭದ ಮಾತು ಎತ್ತುವುದಿಲ್ಲ. ‘ಆಟಿಯಲ್ಲಿ ಮದುವೆ ವಿಷಯ ಮಾತಾಡುವ ಹಾಗಿಲ್ಲ’ ಎಂದು ಸಂಜೀವಣ್ಣ ಫೋನಿನಲ್ಲಿ ಹೇಳಿದರು. ಹಾಗಾದರೆ ಈ ತಿಂಗಳು ನಾವು ಬರುವುದು ಬೇಡವೇ ಎಂದು ಕೇಳಿದೆ. ಅವರು, ‘ಊಟ ಮಾಡುವುದಕ್ಕೆ ಆಟಿ ಅಡ್ಡಿ ಇಲ್ಲ’ ಎಂದರು.

ಹಾಗಾಗಿ ಆ ತಿಂಗಳು ನಾವು ಯಾವ ಉದ್ದೇಶವೂ ಇಲ್ಲದೆ ತಿಂದೆವು. ಬಂದರಿನ ಓಣಿಯಲ್ಲಿ ಬ್ಯಾರಿ ಮುಸ್ಲಿಮರ ಹೋಟೆಲಿನಲ್ಲಿ ತುಪ್ಪದ ಅನ್ನ ಮತ್ತು ಕೋಳಿ ಸಾರು. ಮೆಟ್ಟಿಲು ಹತ್ತಿ ಹೋಗುವ ಒಂದು ಹಳೆಯ ಹೋಟೆಲಿನಲ್ಲಿ ಗರಿಗರಿ ರೊಟ್ಟಿಗೆ ಕೋಳಿ ಸಾರು ಸುರಿದ ಕೋರಿ ರೊಟ್ಟಿ. ಗಾಜಿನ ಬಾಗಿಲಿನ ಐಸ್‌ಕ್ರೀಮ್ ಅಂಗಡಿಯಲ್ಲಿ ಉದ್ದ ಲೋಟದ ಗಡ್‌ಬಡ್. ಮದುವೆಯ ಮಾತು ಎತ್ತುವಂತಿರಲಿಲ್ಲವಲ್ಲ, ಇಬ್ಬರಿಗೂ ಬೇರೆ ಮಾತು ಹುಡುಕಬೇಕಾಯಿತು. ಕುವೈತಿನ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದು ಒಣಮೀನಿನ ಚಟ್ನಿ ಅರೆಯುತ್ತಿದ್ದಾಗ ಕೆಳಗಿನ ಮನೆಯವರು ದೂರು ಕೊಟ್ಟ ಕಥೆಯನ್ನು ಐರಿನ್ ಬಾಯಿ ಹೇಳಿದರು. ತಂಗಿಯ ಗಂಡ ಮಸ್ಕತ್‌ಗೆ ಹೋದ ಮೇಲೆ ಸುಕೇಶನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟದ್ದನ್ನು ಸಂಜೀವಣ್ಣ ಹೇಳಿದರು. ಎಲ್ಲವೂ ತುಳುವಿನಲ್ಲಿ. ಲವೀನಾ, ಸುಕೇಶ ಸರದಿಯ ಮೇಲೆ ನನಗೆ ಕನ್ನಡ ಮಾಡುತ್ತಿದ್ದರು. ಆಗ ನಿಜವಾಗಿ ಅನುವಾದ ಬೇಕಾದದ್ದು ನನಗೆ.

ಐಸ್‌ಕ್ರೀಮ್ ಅಂಗಡಿಯಲ್ಲಿ ಸಂಜೀವಣ್ಣ ಚಮಚ ಹಾಕುವಷ್ಟರಲ್ಲಿ ಐರಿನ್ ಬಾಯಿ ಲೋಟವನ್ನು ತಡೆದರು. ‘ಹೋದ ವಾರ ಶುಗರ್ ಉಂಟು ಅಂದ್ರಿ. ಈಗ ಇದು ಇಡೀ ನೀವು ತಿನ್ನುವುದಾ?’ ಎಂದು ಅರ್ಧಕ್ಕಿಂತ ಹೆಚ್ಚು ತೆಗೆದು ಸುಕೇಶನ ಲೋಟಕ್ಕೆ ಸುರಿದರು. ಸಂಜೀವಣ್ಣನಿಗೆ ಎದುರು ಹೇಳುವ ಜನ ಅವರ ಮನೆಯಲ್ಲಿ ಯಾರೂ ಇರಲಿಲ್ಲವೆಂದು ಕಾಣುತ್ತದೆ, ಉಳಿದಷ್ಟನ್ನು ಅವರು ಮಗುವಿನ ಹಾಗೆ ಕೆರೆದು ತಿಂದರು. ನನ್ನ ಮಟ್ಟಿಗೆ ಆ ಮಳೆಗಾಲದ ಅತ್ಯಂತ ಒಳ್ಳೆಯ ಊಟಗಳು ಅವು.

ಆಟಿ ಮುಗಿಯಿತು. ಮಾತಾಡಬಹುದು ಎಂದಾಯಿತು, ಮಾತು ನಿಂತಿತು. ಆಗಸ್ಟಿನ ಕೊನೆಯ ಭಾನುವಾರ ನೀರುದೋಸೆಯ ಮುಂದೆ ಐರಿನ್ ಬಾಯಿ ನೇರವಾಗಿಯೇ ಕೇಳಿದರು. ‘ಹೆಸರು ಬದಲು ಮಾಡ್ತೀರಾ, ಇಲ್ವಾ?’

‘ಹೆಸರಿನ ವಿಷಯ ಅಲ್ಲ’ ಎಂದರು ಸಂಜೀವಣ್ಣ. ‘ನಾಲ್ಕು ಜನ ಕೇಳ್ತಾರೆ. ಕುಟುಂಬದವರಿಗೆ ನಾನು ಎಂತ ಹೇಳುವುದು?’

‘ನನಗೂ ಕುಟುಂಬ ಉಂಟು. ನನ್ನನ್ನೂ ಕೇಳ್ತಾರೆ.’

ಮತ್ತೆ ಕನ್ನಡ ಶುರುವಾಗಿತ್ತು. ಆ ಸಂಜೆ ಬಸ್ಸಿನಲ್ಲಿ ಸುಕೇಶ ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದ, ನಿದ್ದೆ ಮಾಡುತ್ತಿರಲಿಲ್ಲ. ಲವೀನಾ ನನ್ನ ಪಕ್ಕ ಕೂತಿದ್ದಳು. ಘಾಟಿಯಲ್ಲಿ ಮಣ್ಣು ಕುಸಿದು ಬಸ್ಸು ನಿಂತಾಗ ಅವಳು, ‘ಇನ್ನೊಂದೇ ಸಲ ಮೇಡಂ. ತೆನೆ ಹಬ್ಬದ ದಿನ. ಅದರ ನಂತರ ಮಮ್ಮಿ ದುಬೈಯವರಿಗೆ ಹೇಳ್ತಾರೆ. ನಾನು ಒಪ್ಪಿಕೊಂಡಿದ್ದೇನೆ’ ಎಂದಳು. ಕಚೇರಿಯಲ್ಲಿ ಅವಳು ಮಧ್ಯಾಹ್ನದ ಡಬ್ಬಿ ತೆರೆಯುವುದನ್ನು ಬಿಟ್ಟು ಆಗಲೇ ಕೆಲವು ದಿನಗಳಾಗಿದ್ದವು. ನನಗೆ ಯಾರಾದರೂ ಊಟ ಬಿಟ್ಟರೆ ಸಹಿಸಲು ಆಗುವುದಿಲ್ಲ. ಅವಳ ಮೇಲೆ ಸಿಟ್ಟು ಬಂತು, ಆ ಇಬ್ಬರು ಹಿರಿಯರ ಮೇಲೆ ಇನ್ನೂ ಸಿಟ್ಟು ಬಂತು. ಹೊರಗೆ ಮಳೆಯಲ್ಲಿ ಜೆಸಿಬಿ ಮಣ್ಣು ಎತ್ತುವುದನ್ನು ನೋಡುತ್ತ ಕೂತೆ.

ಆ ವರ್ಷ ಗಣೇಶನ ಚೌತಿ ಶನಿವಾರ, ಮರುದಿನ ಭಾನುವಾರ ತೆನೆ ಹಬ್ಬ. ಮೇರಿಯಮ್ಮನ ಹುಟ್ಟುಹಬ್ಬದ ದಿನ ಇಗರ್ಜಿಯಲ್ಲಿ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಇಷ್ಟು ನನಗೂ ಗೊತ್ತಿತ್ತು. ಸರದಿ ಸಂಜೀವಣ್ಣನದ್ದು. ಅವರು ಕರೆದದ್ದು ಒಂದು ದೊಡ್ಡ ಹೋಟೆಲಿಗೆ. ಕೆಳಗೆ ಸಸ್ಯಾಹಾರಿ, ಮೇಲೆ ಎಲ್ಲವೂ ಸಿಗುವ ಫ್ಯಾಮಿಲಿ ವಿಭಾಗ. ನಾವು ಮೇಲೆ ಹೋದಾಗ ಅವರು ಮೊದಲೇ ಬಂದು ಕೂತಿದ್ದರು. ಮೇಜಿನ ಮೇಲೆ ಹೂವಿನ ಬಾಟಲಿ. ಐರಿನ್ ಬಾಯಿ ಹಬ್ಬದ ಸೀರೆಯಲ್ಲಿ ಬಂದರು, ಕೈಯಲ್ಲಿ ಒಂದು ಚೀಲ.

ಅವರು ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಊಟ ಬಂತು, ಹೇಳಿಟ್ಟದ್ದು. ಸಂಜೀವಣ್ಣನ ಮುಂದೆ ಕಾಣೆ ಮೀನಿನ ರವಾ ಫ್ರೈ. ಐರಿನ್ ಬಾಯಿಯ ಮುಂದೆ ಒಂದು ಮುಚ್ಚಿದ ಪಾತ್ರೆ, ಪಕ್ಕದಲ್ಲಿ ಇಡ್ಲಿಯಂಥ ಬಿಸಿ ಸನ್ನಾಂ. ಮಾಣಿ ಮುಚ್ಚಳ ತೆಗೆದ. ಹಂದಿ ಮಾಂಸದ ಸಾರು. ಸಂಜೀವಣ್ಣನ ಮನೆಯಲ್ಲಿ ಅದು ಹೊಸ್ತಿಲು ದಾಟುವುದಿಲ್ಲ, ಅದರ ಹೆಸರನ್ನೂ ಹೇಳುವುದಿಲ್ಲ. ಅವರು ಎರಡು ದಿನ ಮೊದಲು ಬಂದು, ಚೆನ್ನಾಗಿ ಮಾಡಲು ಬರುವ ಅಡುಗೆಯವನು ಇದ್ದಾನೋ ಎಂದು ವಿಚಾರಿಸಿ ಹೇಳಿಹೋಗಿದ್ದರು. ಈಗ ಪಾತ್ರೆಯ ಕಡೆ ನೋಡದೆ, ಕಿಟಕಿಯ ಕಡೆ ನೋಡುತ್ತ, ‘ಹಬ್ಬ ಅಲ್ವಾ, ತಿನ್ನಿ’ ಎಂದರು.

ಐರಿನ್ ಬಾಯಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು. ‘ನಾವು ಅಂದ್ರೆ ಇಷ್ಟೇ ಅಲ್ವಾ ನಿಮಗೆ?’ ಧ್ವನಿ ಏರಿರಲಿಲ್ಲ. ‘ಇವತ್ತು ನಮ್ಮಲ್ಲಿ ಒಂದು ಮೊಟ್ಟೆ ಕೂಡ ಒಡೆಯುವುದಿಲ್ಲ. ವರ್ಷದಲ್ಲಿ ಇದೊಂದು ದಿನ. ಇವತ್ತು ಇದನ್ನು ನನ್ನ ಎದುರು ಇಡ್ತೀರಾ? ಲವೀನಾ, ನಡಿ.’

ಲವೀನಾ ಎದ್ದಳು. ಅವಳು ಅಳಲಿಲ್ಲ, ಸುಕೇಶನ ಕಡೆ ನೋಡಲೂ ಇಲ್ಲ. ಆಯಿತು, ಮುಗಿಯಿತು ಎಂದು ನನಗನ್ನಿಸಿತು.

ಸಂಜೀವಣ್ಣನ ಮುಖ ಬಿಳಿಚಿಕೊಂಡಿತ್ತು. ಅವಮಾನವಾದದ್ದು ಅವರಿಗೂ ಹೌದು. ‘ನಾನು ಮೂಗು ಮುಚ್ಚಿಕೊಂಡು ಬಂದು ಇದನ್ನು ಹೇಳಿಹೋದದ್ದು. ನಿಮಗೆ ಹಬ್ಬಕ್ಕೆ ಇಷ್ಟ ಅಂತ’ ಎಂದರು. ‘ಇವತ್ತು ಮಾಂಸ ಇಲ್ಲ ಅಂತ ನನಗೆ ಯಾರು ಹೇಳಬೇಕು? ನಮ್ಮ ಪಕ್ಕದ ಮನೆಯವರು ಪ್ರತಿ ವರ್ಷ ಈ ಹಬ್ಬಕ್ಕೆ ಕಬ್ಬು ತಂದು ಕೊಡ್ತಾರೆ. ನನಗೆ ಗೊತ್ತಿರುವುದು ಕಬ್ಬು ಮಾತ್ರ. ಊಟಕ್ಕೆ ನಾನು ಯಾವತ್ತೂ ಹೋದವನಲ್ಲ.’

ಅಷ್ಟು ಉದ್ದದ ಮಾತು ಅವರ ಬಾಯಿಂದ ನಾನು ಕೇಳಿರಲಿಲ್ಲ. ಐರಿನ್ ಬಾಯಿ ನಿಂತೇ ಇದ್ದರು, ಹೋಗಲಿಲ್ಲ. ಸಂಜೀವಣ್ಣನ ಕಣ್ಣು ಅವರ ಚೀಲದ ಮೇಲೆ ಬಿತ್ತು. ಚೀಲದ ಬಾಯಿಂದ ಒಂದು ಹಸಿರು ಹಳದಿ ತೆನೆ ಹೊರಗೆ ಇಣುಕುತ್ತಿತ್ತು.

‘ಅದು ಎಂತ?’ ಎಂದರು.

‘ತೆನೆ. ಹೊಸತು’ ಎಂದರು ಐರಿನ್ ಬಾಯಿ. ‘ಇದರ ಅಕ್ಕಿ ಪುಡಿ ಮಾಡಿ ತೆಂಗಿನ ಹಾಲು ಬೆಲ್ಲದಲ್ಲಿ ಬೆರೆಸಿ ತಂದಿದ್ದೇನೆ. ಊಟದ ಮೊದಲು ಮನೆಯವರು ಒಟ್ಟಿಗೆ ತಿನ್ನಬೇಕು. ಇವಳು ನಿನ್ನೆ ರಾತ್ರಿ ಬಂದದ್ದು, ಬೆಳಿಗ್ಗೆ ಇಗರ್ಜಿ, ಮನೆಗೆ ಹೋಗಿ ಇದನ್ನು ಬೆರೆಸಿದ್ದೇ ಇಲ್ಲಿಗೆ. ಮತ್ತೆ ಎಲ್ಲಿ ತಿನ್ನುವುದು?’

ಸಂಜೀವಣ್ಣ ತಮ್ಮ ತಟ್ಟೆ ನೋಡಿದರು. ಮೀನಿನ ಒಂದು ಚೂರು ಆಗಲೇ ಮುರಿದು ಬಾಯಿಗೆ ಹಾಕಿಕೊಂಡಿದ್ದರು. ತಟ್ಟೆಯನ್ನು ದೂರ ತಳ್ಳಿದರು. ‘ಹೊಸತು ಉಣ್ಣುವ ದಿನವಾ?’ ಎಂದು ಕೇಳಿದರು, ತುಳುವಿನಲ್ಲಿ. ಎದ್ದು ಹೋಗಿ ಬಾಯಿ ಮುಕ್ಕಳಿಸಿ, ಕೈ ತೊಳೆದು, ಮುಖವನ್ನೂ ತೊಳೆದುಕೊಂಡು ಬಂದರು. ‘ನಮ್ಮಲ್ಲೂ ಹೊಸಕ್ಕಿ ಊಟಕ್ಕೆ ಇಂಥದ್ದು ಹತ್ತಿರ ಬರುವುದಿಲ್ಲ. ಗೊತ್ತಿದ್ರೆ ನಾನು ಇದನ್ನು ಮಾಡ್ತಿರಲಿಲ್ಲ, ಐರಿನ್ ಬಾಯಿ. ತಪ್ಪಾಯಿತು.’ ಮಾಣಿಯನ್ನು ಕರೆದು ಎಲ್ಲವನ್ನೂ ತೆಗೆಸಿದರು. ‘ಕೆಳಗೆ ಹೋಗುವ. ಇಲ್ಲಿ ಬೇಡ.’

ಅವರು ಐರಿನ್ ಬಾಯಿಯನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಮುಟ್ಟದ ಸಾರು, ಒಂದು ಚೂರು ಮಾತ್ರ ಮುರಿದ ಮೀನು ಹಾಗೇ ಮರಳಿ ಹೋಗುವುದನ್ನು ನಾನು ಅಡುಗೆಮನೆಯ ಬಾಗಿಲ ತನಕ ಕಣ್ಣಲ್ಲೇ ಕಳಿಸಿಕೊಟ್ಟೆ, ಅದು ನನ್ನ ಸ್ವಭಾವ.

ಕೆಳಗಿನ ಸಸ್ಯಾಹಾರಿ ವಿಭಾಗದಲ್ಲಿ ಒಂದು ಮೂಲೆಯ ಮೇಜು ಸಿಕ್ಕಿತು. ಐರಿನ್ ಬಾಯಿ ಚೀಲದಿಂದ ಒಂದು ಸಣ್ಣ ಸ್ಟೀಲ್ ಡಬ್ಬಿ, ಒಂದು ಚಮಚ ತೆಗೆದರು. ಕಣ್ಣು ಮುಚ್ಚಿ ಕೊಂಕಣಿಯಲ್ಲಿ ಪ್ರಾರ್ಥನೆ ಹೇಳಿದರು. ಮೊದಲ ಚಮಚ ಲವೀನಾಳ ಬಾಯಿಗಿಟ್ಟರು. ಎರಡನೆಯ ಚಮಚ ತುಂಬಿ, ತೊಟ್ಟಿಕ್ಕದ ಹಾಗೆ ಡಬ್ಬಿಯ ಅಂಚಿಗೆ ಒರೆಸಿದರು. ಆಮೇಲೆ ಕೈ ಸುಕೇಶನ ಕಡೆ ಚಾಚಿತು.

ಸುಕೇಶ ಬಾಯಿ ತೆರೆಯಲಿಲ್ಲ. ಮಾವನ ಮುಖ ನೋಡಿದ. ಏಕೆಂದು ನನಗೆ ತಿಳಿಯಲಿಲ್ಲ. ಸಂಜೀವಣ್ಣನೇ ಹೇಳಿದರು, ‘ನಮ್ಮ ಗದ್ದೆ ಇನ್ನೂ ಹಸಿರು. ನಮ್ಮ ಹೊಸಕ್ಕಿ ಊಟ ನವರಾತ್ರಿಗೆ. ಮನೆಯದ್ದು ಆಗುವ ಮೊದಲು ಹೊರಗಿನ ಹೊಸತು ಉಣ್ಣುವ ಕ್ರಮ ನಮ್ಮಲ್ಲಿಲ್ಲ.’

ಚಮಚ ಗಾಳಿಯಲ್ಲೇ ನಿಂತಿತು. ಲವೀನಾ ತಲೆ ತಗ್ಗಿಸಿದಳು.

‘ಮನೆಯದ್ದಾದರೆ ಉಣ್ಣಬಹುದು’ ಎಂದರು ಸಂಜೀವಣ್ಣ, ನಿಧಾನವಾಗಿ. ‘ಇದು ಹೊರಗಿನದ್ದಾ, ಮನೆಯದ್ದಾ, ಅದನ್ನು ನೀವೇ ಹೇಳಬೇಕು.’

ಐರಿನ್ ಬಾಯಿ ಚಮಚ ಇಳಿಸಲಿಲ್ಲ. ‘ಹೊರಗಿನವರಿಗೆ ನಾವು ಇದನ್ನು ಕೊಡುವುದಿಲ್ಲ’ ಎಂದರು.

ಸಂಜೀವಣ್ಣ ಸುಕೇಶನಿಗೆ ತಲೆಯಾಡಿಸಿದರು. ಸುಕೇಶ ಅಭ್ಯಾಸದ ಪ್ರಕಾರ ಅವರ ಕಡೆಗೇ ತಿರುಗಿ, ‘ಪುದ್ವಾರ್ ಉಣ್ಪೆ, ಮಾವ’ ಎಂದ. ಹೊಸಕ್ಕಿ ಉಣ್ಣುತ್ತೇನೆ ಎಂದು ಮನೆಯ ಹಿರಿಯರನ್ನು ಕೇಳಿಯೇ ತುತ್ತು ಎತ್ತುವುದು ಅವರ ಪದ್ಧತಿ.

‘ನನ್ನ ಹತ್ರ ಅಲ್ಲ ಮಾರಾಯ. ಕೊಡುವವರ ಹತ್ರ ಕೇಳು.’

ಅವನು ಐರಿನ್ ಬಾಯಿಯ ಕಡೆ ತಿರುಗಿ ಕೇಳಿದ. ಅವರ ಕಣ್ಣು ತುಂಬಿತ್ತು. ‘ಖಾ ಪುತಾ’ ಎಂದರು. ಕೊಂಕಣಿಯಲ್ಲಿ ತಿನ್ನು ಮಗನೇ ಎಂದು. ಅವನ ಬಾಯಿಗಿಟ್ಟರು.

‘ನಿಮಗೆ ಪ್ರಾಯ ಎಷ್ಟು?’ ಎಂದು ಸಂಜೀವಣ್ಣ ಇದ್ದಕ್ಕಿದ್ದ ಹಾಗೆ ಕೇಳಿದರು.

‘ಅರವತ್ತಾರು. ಯಾಕೆ?’

‘ನನಗೆ ಅರವತ್ತನಾಲ್ಕು. ಹಾಗಾದ್ರೆ ನಾನೂ ಕೇಳಬೇಕು.’ ಇಡೀ ಕುಟುಂಬ ಯಾರನ್ನು ಕೇಳಿ ತುತ್ತು ಎತ್ತುತ್ತದೋ ಆ ಮನುಷ್ಯ ಎರಡು ಕೈ ಜೋಡಿಸಿ, ತಲೆ ಬಾಗಿಸಿ, ‘ಪುದ್ವಾರ್ ಉಣ್ಪೆ’ ಎಂದರು. ಐರಿನ್ ಬಾಯಿ ಈ ಸಲ ತುಳುವಿನಲ್ಲೇ ‘ಉಣ್ಲೆ’, ಉಣ್ಣಿ, ಎಂದು ಅವರ ಅಂಗೈಗೆ ಹಾಕಿದರು. ಕೊನೆಗೆ ತಾವು ಒಂದು ಚಮಚ ತಿಂದರು. ಲವೀನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಈಗ ಅಳುತ್ತಿದ್ದಳು, ಸುಕೇಶ ಅವಳಿಗೆ ನೀರಿನ ಲೋಟ ಹಿಡಿದಿದ್ದ.

ಡಬ್ಬಿಯಲ್ಲಿ ಇನ್ನೂ ಇತ್ತು. ನಾನು ತುಸು ಮುಂದಕ್ಕೆ ಬಾಗಿಯೇ ಕೂತಿದ್ದೆ. ತೆಂಗಿನ ಹಾಲು, ಬೆಲ್ಲ, ಹಸಿ ಅಕ್ಕಿಯ ವಾಸನೆ ನನ್ನ ತನಕ ಬರುತ್ತಿತ್ತು. ಐರಿನ್ ಬಾಯಿ ಮುಚ್ಚಳ ಹಾಕಿ, ಒತ್ತಿ ಭದ್ರಮಾಡಿ, ಡಬ್ಬಿಯನ್ನು ಸಂಜೀವಣ್ಣನ ಕೈಗೆ ಕೊಟ್ಟು, ‘ಇದು ಕುಸುಮಕ್ಕನಿಗೆ. ಊಟದ ಮೊದಲು ತಿನ್ನಬೇಕು, ಬೇಗ ಕೊಂಡುಹೋಗಿ’ ಎಂದರು. ಅವರು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡರು. ಮೇಜಿನಲ್ಲಿದ್ದದ್ದು ಐದು ಜನ. ಐದನೆಯವಳಿಗೆ ಒಂದು ಚಮಚ ಕೊಡಬೇಕೆಂದು ನಾಲ್ವರಲ್ಲಿ ಒಬ್ಬರಿಗೂ ತೋಚಲಿಲ್ಲ. ಕಣ್ಣೆದುರಿಗಿದ್ದದ್ದು ಬಾಯಿಗೆ ಸಿಗದೆ ಹೋದದ್ದಕ್ಕೆ ನನಗೆ ಸಂತೋಷವಾದದ್ದು ಜೀವಮಾನದಲ್ಲಿ ಅದೊಂದೇ ಸಲ.